ಬಳೆಗೆ ಕಟ್ಟಿದ ಬಟ್ಟೆ

ಅರವತ್ತರ ದಶಕದ ಶುರುವಿನಲ್ಲಿ ನಾನು ಮದುವೆಯಾಗಿ ಕೊಡಿಗೇಹಳ್ಳಿಗೆ ಬಂದೆ. ನನ್ನ ಯಜಮಾನರಿಗೆ ಹಕ್ಕಿ ನೋಡುವ ಹುಚ್ಚು. ಅವರ ಆಫೀಸಿನ ನಾಲ್ಕೈದು ಜನ ಭಾನುವಾರ ಬೆಳಿಗ್ಗೆ ಹೆಬ್ಬಾಳದ ಕೆರೆ ಏರಿಗೆ ಹೋಗುತ್ತಿದ್ದರು. ವರ್ಷಕ್ಕೊಮ್ಮೆ ವ್ಯಾನು ಮಾಡಿಕೊಂಡು ಬಂಡೀಪುರದ ಕಾಡಿಗೆ. ಆ ವರ್ಷ ನನಗೂ ಬಂಡೀಪುರ ನೋಡಬೇಕೆಂಬ ಆಸೆ ಹುಟ್ಟಿತು. ಕಣ್ಣು ಮುಚ್ಚಿದರೆ ಸಾಕು, ಮರದ ತುಂಬ ಹಸಿರು ಪಾರಿವಾಳ ಕಾಣುತ್ತಿದ್ದವು.

ಗುಂಪಿನ ಹಿರಿಯರು ಮಾತ್ರ ನಮ್ಮ ಜಗಲಿಯ ಮೇಲೆ ಕೂತು ಖಡಾಖಂಡಿತವಾಗಿ ಹೇಳಿದರು: "ಹೆಂಗಸರ ಬಳೆ ಸದ್ದಿಗೆ ಒಂದ್ ಹಕ್ಕೀನೂ ನಿಲ್ಲಲ್ಲ ಕಣ್ರೀ. ಮೊದ್ಲು ಕೆರೆಗೆ ಬರ್ಲಿ. ಹಕ್ಕಿ ಎದ್ರೆ ವ್ಯಾನಲ್ಲಿ ಸೀಟಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಅವರ ಕೆಮ್ಮಿಗೆ ಏಳದ ಹಕ್ಕಿ ನನ್ನ ಬಳೆಗೆ ಏಳುತ್ತದೆಯೇ? ಆದರೂ ಭಯವಿತ್ತು. ಎರಡೂ ಕೈ ತುಂಬ ಗಾಜಿನ ಬಳೆ. ಮುತ್ತೈದೆ ಬಳೆ ಕಳಚುವ ಹಾಗಿಲ್ಲ, ಅತ್ತೆಯ ಮುಂದೆ ಆ ಮಾತೆತ್ತುವ ಧೈರ್ಯವಂತೂ ಇಲ್ಲವೇ ಇಲ್ಲ.

ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ಅತ್ತೆ, ಭಾನುವಾರ ನಾವು ಹೊರಡುವ ಹೊತ್ತಿಗೆ ಹಳೇ ಸೀರೆಯೊಂದನ್ನು ಪರ್ರನೆ ಹರಿದರು. ಬಳೆಗಳನ್ನೆಲ್ಲ ಒತ್ತಟ್ಟಿಗೆ ಸೇರಿಸಿ ಬಿಗಿಯಾಗಿ ಸುತ್ತಿ ಗಂಟು ಹಾಕಿದರು.

"ತಗೀಬಾರ್ದು ಅಂತ ಐತೆ. ಕಟ್ಬಾರ್ದು ಅಂತ ಯಾರೂ ಯೋಳಿಲ್ಲ ಕಣವ್ವಾ."

ಕೆರೆಯ ಮೇಲೆ ಮಂಜು ಕವಿದು, ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಅದರೊಳಗಿಂದ ಹೆಜ್ಜಾರ್ಲೆಗಳು ಒಂದೊಂದಾಗಿ ತೇಲಿ ಬಂದವು. ಬೆಳ್ಳನೆ ಮೈ, ಕೊಕ್ಕಿನಡಿ ಜೋತುಬಿದ್ದ ಚೀಲ; ತೊಟ್ಟಿಲು ತೂಗಿದ ಹಾಗೆ ತೂಗುತ್ತಿದ್ದವು. ದುರ್ಬೀನು ಎತ್ತಿದೆ, ಇಳಿಸಿದೆ. ನನ್ನ ಕೈಯಿಂದ ಸದ್ದೇ ಇಲ್ಲ. ಸೀಟಿನ ಯೋಚನೆಯೂ ಮರೆತುಹೋಯಿತು. ಇದು ಕನಸಾದರೆ ಯಾರೂ ಎಬ್ಬಿಸದಿರಲಿ ಅನ್ನಿಸಿತು. ಹಕ್ಕಿಗಳು ನಮ್ಮ ಕಾಲಬುಡದಲ್ಲೇ ಹಾದು ಹೋದವು.

ಹಿರಿಯರು ನನ್ನ ಕೈಗೆ ಸುತ್ತಿದ ಬಟ್ಟೆಯನ್ನೊಮ್ಮೆ ನೋಡಿದರು. "ಬಂಡೀಪುರದಲ್ಲಿ ಚಳಿ ಇರತ್ತೆ. ಶಾಲು ತಗೊಂಡ್ ಬಾಮ್ಮ."

ಮನೆಗೆ ಬಂದವಳೇ ಅತ್ತೆಗೆ ಎಲ್ಲ ವರದಿ ಒಪ್ಪಿಸಿದೆ. ಅವರು ಗಂಟು ಬಿಚ್ಚುತ್ತ, "ಆಮೇಲೆ?" "ಆಮೇಲೆ?" ಅನ್ನುತ್ತಲೇ ಇದ್ದರು. ಈ ಊರಿಗೆ ಸೊಸೆಯಾಗಿ ಬಂದು ಅವರ ತಲೆ ನರೆತಿತ್ತು. ಕೆರೆಯಲ್ಲಿ ಬಗ್ಗಿ ಬಟ್ಟೆ ಒಗೆದದ್ದೆಷ್ಟೋ. ತಲೆಯೆತ್ತಿ ನೋಡುವ ಪುರುಸೊತ್ತು ಅವರಿಗೆ ಸಿಕ್ಕಿರಲೇ ಇಲ್ಲ.

ಬಿಚ್ಚಿದ ಬಟ್ಟೆಯನ್ನು ಮಡಿಸಿ ನನ್ನ ಕೈಗಿಟ್ಟರು. ಆಮೇಲೆ ತಮ್ಮ ಎರಡೂ ಕೈ ಮುಂದೆ ಚಾಚಿದರು.

"ಬರೋ ಬಾನ್ವಾರ ನಂಗೂ ಕಟ್ಟವ್ವಾ."