ಮೂಲೆಯಿಲ್ಲದ ಚಾವಡಿ

ಗೆಳೆಯರೇ, ಈ ಬಡವನಹಳ್ಳಿಯಲ್ಲಿ ಹರಟುವುದಕ್ಕೆ ನನಗೆ ಯಾರೂ ಇಲ್ಲ. ಅದಕ್ಕೇ ಇವತ್ತಿನದನ್ನು ನಿಮಗೆ ಹೇಳುತ್ತಿದ್ದೇನೆ.

ಊರವರೆಲ್ಲ ಸೇರಿ ಕೂರಲು ಮಹಾರಾಜರ ಸರ್ಕಾರ ಒಂದು ಚಾವಡಿ ಮಂಜೂರು ಮಾಡಿದೆ. ಓವರ್ಸಿಯರ್ ಆದ ನಾನು ಬೆಳಿಗ್ಗೆ ಅದರ ನಕ್ಷೆಯನ್ನು ಬಯಲಿನಲ್ಲಿ ಸುಣ್ಣದ ಪುಡಿಯಿಂದ ಬರೆದೆ. ಅಲ್ಲಿದ್ದ ಬಂಡೆಯನ್ನು ಒಡೆಯದೆ, ಅದಕ್ಕೆ ಒರಗಿಕೊಂಡಂತೆ ಸುತ್ತುಗೋಡೆಯನ್ನೆಲ್ಲ ದುಂಡಗೆ ಬಾಗಿಸಿದ್ದೆ.

ಪಟೇಲರು ಗೆರೆಯ ಸುತ್ತ ಒಂದು ಸಲ ನಡೆದು ಬಂದರು. "ಸ್ವಾಮಿ, ಇದಕ್ಕೆ ಮೂಲೇನೇ ಇಲ್ವಲ್ಲ. ಹೆಂಗಸ್ರು ಎಲ್ಲಿ ಕೂತ್ಕಬೇಕು?"

"ಎಲ್ಲರ ಜೊತೆಗೇ ಕೂರಲಿ" ಎಂದೆ.

ನೋಡಲು ಸೇರಿದ್ದ ಊರವರಲ್ಲಿ ಯಾರೋ ನಕ್ಕರು. ಪಟೇಲರು ನಗಲಿಲ್ಲ. "ನೀವು ಒಂಟಿ ಮನುಷ್ಯ, ನಿಮಗೆಂಗೆ ತಿಳೀಬೇಕು ಬುಡಿ. ಇದನ್ನ ಅಳಿಸಿ ಚೌಕ ಬರೀರಿ."

ಅಳಿಸುವುದಿಲ್ಲ ಎಂದೆ.

"ಅಂಗಾದ್ರೆ ನಾಳೆ ಮಧುಗಿರಿಯಿಂದ ಬೇರೆಯವರನ್ನ ಕರೆಸ್ತೀನಿ" ಎಂದು ಅವರು ಹೊರಟರು. ಅವರ ಹಿಂದೆ ಊರೆಲ್ಲ ಹೊರಟಿತು. ಅವರಿಗೆಲ್ಲ ಮನೆಯಲ್ಲಿ ಊಟಕ್ಕೆ ಕಾಯುವವರಿದ್ದರು. ನಾನು ಬಂಡೆಯ ನೆರಳಿನಲ್ಲೇ ಕೂತೆ. ಚೌಕದ ಮಾತಿಗಿಂತ ಒಂಟಿ ಮನುಷ್ಯ ಎಂದದ್ದೇ ಹೆಚ್ಚು ಚುಚ್ಚುತ್ತಿತ್ತು.

ಬಾವಿಯಿಂದ ಬರುತ್ತಿದ್ದ ಮುದುಕಿ ಸಣ್ಣಮ್ಮ ಇಷ್ಟು ಹೊತ್ತು ದೂರದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಈಗ ಬಿಂದಿಗೆ ಇಳಿಸಿ, ಸುಣ್ಣದ ಗೆರೆಯನ್ನು ತುಳಿಯದೆ ದಾಟಿ, ನಟ್ಟನಡುವೆ ಬಂದು ಕೂತರು. ಸುತ್ತಲೂ ನಿಧಾನವಾಗಿ ನೋಡಿದರು.

"ಇಲ್ಲಿಂದ ಎಲ್ರ ಮಕವೂ ಕಾಣ್ತೈತೆ ಕಣಪ್ಪ" ಅಂದರು.

ಕಾಣುವುದಕ್ಕೆ ಅಲ್ಲಿ ಇದ್ದದ್ದು ನನ್ನದೊಂದೇ ಮುಖ.