ಮಂಗಳ, ಗುರುಗಳ ನಡುವಿನ ಕಲ್ಲು

ನಿಪ್ಪಾಣಿಯ ನಮ್ಮ ಮನೆಗೆ ಇಂಗ್ಲಿಷ್ ಪತ್ರಿಕೆ ಬೆಳಗಾವಿಯ ಮೊದಲ ಬಸ್ಸಿಗೆ ಬರುತ್ತಿತ್ತು. ಕಾನ್ವೆಂಟಿನಲ್ಲಿ ಓದಿದವಳು ನಾನೊಬ್ಬಳೇ ಆದ್ದರಿಂದ ಅಡುಗೆಮನೆಯಲ್ಲಿ ಕೂತು ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳುವುದು ನನ್ನ ಪಾಲಿನ ಕೆಲಸ. ತೊಂಬತ್ತರ ದಶಕದ ಒಂದು ಬೆಳಿಗ್ಗೆ ಒಳಪುಟದಲ್ಲೊಂದು ಪುಟ್ಟ ಸುದ್ದಿಯಿತ್ತು. ಮಂಗಳ, ಗುರುಗಳ ನಡುವೆ ಸೂರ್ಯನನ್ನು ಸುತ್ತುವ ಕಲ್ಲುಗಳ ರಾಶಿಯಿದೆಯಲ್ಲ, ಅದರ ಹೊರ ಅಂಚಿನಲ್ಲಿ ಹೊಸದೊಂದು ಕಲ್ಲು ಕಂಡಿದೆ, ಇದ್ದಿಲಿನಷ್ಟು ಕಪ್ಪು. ಶಾಲೆಯಲ್ಲಿ ಸಿಸ್ಟರ್ ಗೋಲಿಗಳನ್ನಿಟ್ಟು ಗ್ರಹಗಳನ್ನು ತೋರಿಸಿದ್ದು ನೆನಪಾಗಿ, ಖುಷಿಯಿಂದಲೇ ಓದಿದೆ.

ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು.

“ಮಂಗಳನ ಬಾಜೂಕ ಐತೇನ?”

“ಇಲ್ರಿ ಅತ್ತೀ, ದೂರ ಐತ್ರಿ. ಗುರೂನ ಕಡೆ.”

“ಅಂದ್ರ ಗುರೂಗ ಅಡ್ಡ ನಿಂತೈತಿ.”

ನಾದಿನಿ ಐಗಳಿ ಊರಿನಲ್ಲಿದ್ದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅವಳ ಜಾತಕದಲ್ಲಿ ಮಂಗಳನ ದೋಷ. ಗುರುವಿನ ದೃಷ್ಟಿ ಇದೆ, ಕೂಸಿಗೆ ಭಯವಿಲ್ಲ ಎಂದು ಜ್ಯೋತಿಷಿ ಹೇಳಿದ್ದರು. ಅದು ನನಗೆ ಗೊತ್ತಿತ್ತು. ಓದುವಾಗ ಹೊಳೆಯಲಿಲ್ಲ.

ಗ್ರಹಣಕ್ಕೆ ಏನೇನು ಮಾಡುತ್ತಾರೋ ಅದನ್ನೆಲ್ಲ ಅತ್ತೆ ಮಾಡಿದರು. ನೀರಿನ ಕೊಡಕ್ಕೆ, ಮೊಸರಿಗೆ ಗರಿಕೆ ಹಾಕಿದರು. ಹುಟ್ಟುವ ಕೂಸಿನ ತಲೆಗೆಂದು ಕುಲಾಯಿ ಹೊಲಿಯುತ್ತಿದ್ದ ನಾದಿನಿಯ ಕೈಯಿಂದ ಸೂಜಿ ಕಿತ್ತುಕೊಂಡು, ಒಳಕೋಣೆಯ ಕಿಟಕಿ ಮುಚ್ಚಿ, ಅವಳನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿದರು. ಕೈಕಾಲು ಮಡಚುವಂತಿಲ್ಲ, ತುತ್ತು ಅನ್ನವಿಲ್ಲ, ಗುಟುಕು ನೀರಿಲ್ಲ.

“ಹಸಿವಾಗೇತಿ ಬೇ ಅವ್ವಾ.”

“ಬಿಡೂತನಕ ತಡಿ.”

ಬಿಡುವುದು ಯಾವಾಗ? ಪಂಚಾಂಗದಲ್ಲಿ ಇರಲಿಲ್ಲ. ಗಂಡಸರು ತಂಬಾಕು ದಾಸ್ತಾನಿಡುವ ವಖಾರಿಗೆ ಹೋಗಿದ್ದರು. ಮಧ್ಯಾಹ್ನವಾಯಿತು.

“ಅತ್ತೀ, ಅದು ಇಲ್ಲಿಗೆ ಬರೂದಿಲ್ರಿ. ಅಲ್ಲೇ ಸುತ್ತತೈತಿ.”

“ಹೋಗೂದು ಯಾವಾಗ?”

“ಹೋಗೂದಿಲ್ರಿ. ಯಾವಾಗಲೂ ಅಲ್ಲೇ ಇರತೈತಿ.”

ಸಮಾಧಾನಕ್ಕೆಂದೇ ಹೇಳಿದ್ದೆ. ಅತ್ತೆ ಎದ್ದು ಹೋಗಿ ಒಳಕೋಣೆಯ ಬಾಗಿಲಿನ ಸಂದಿಗೂ ಹಳೆಯ ಸೀರೆ ತುರುಕಿದರು.

ಎರಡು ಗಂಟೆಗೆ ಒಳಗೆ ಹೋದೆ. ನಾದಿನಿಯ ತುಟಿ ಒಣಗಿ ಬಿಳಿಚಿತ್ತು. ನನ್ನ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಪಿಸುಗುಟ್ಟಿದಳು: “ವೈನಿ, ಮುಂಜಾನಿಂದ ಒದ್ದಿಲ್ಲ ಇದು.”

ಕೈಯಡಿ ಏನೂ ಅಲುಗಲಿಲ್ಲ.

ಹೊರಗೆ ಬಂದು ಪತ್ರಿಕೆ ಬಿಡಿಸಿದೆ. ಸುದ್ದಿಯ ಕೆಳಗೆ ಟೈರಿನ ಜಾಹೀರಾತಿತ್ತು. ಅದರ ಮೇಲೆ ಬೆರಳಿಟ್ಟೆ. “ಮೂರು ಗಂಟೆಕ್ಕ ಬಿಡತೈತಂತ್ರಿ.”

ಅತ್ತೆ ಬೆರಳನ್ನೂ ನೋಡಿದರು, ನನ್ನನ್ನೂ ನೋಡಿದರು. “ಮುಂಜಾನಿ ಯಾಕ ಹೇಳಲಿಲ್ಲ?”

“ಕೆಳಗ ಬರದಿತ್ರಿ. ನೋಡಿರಲಿಲ್ಲ.”

“ಇಂಗ್ಲಿಷ್ ಸಾಲಿ ಕಲ್ತಾಕಿ, ಅರ್ಧಾ ಓದಿ ಇಡ್ತಿ.”

ಮೂರಕ್ಕೆ ನಾದಿನಿಯ ತಲೆಯ ಮೇಲೆ ನೀರು ಸುರಿದು, ಬೆಲ್ಲ ಹಾಕಿದ ಹಾಲು ಕುಡಿಸಿದೆವು. ಆಮೇಲೆ ಮೂವರೂ ಕಾಯುತ್ತ ಕೂತೆವು. ನಾನು ಅವಳ ಸೀರೆಯ ನಿರಿಗೆಯನ್ನೇ ನೋಡುತ್ತಿದ್ದೆ. ಹಾಲಿನ ಲೋಟದ ತಳಕ್ಕೆ ಇರುವೆ ಮುತ್ತಿದವು. ಡಾಕ್ಟರ ಹತ್ತಿರ ಹೋಗೋಣವೆಂದು ಬಾಯಿ ತೆರೆಯುವಷ್ಟರಲ್ಲಿ ನಿರಿಗೆ ಒಮ್ಮೆ ಮೇಲೆದ್ದು ಇಳಿಯಿತು.

“ಎದ್ದಾನ,” ಎಂದಳು ನಾದಿನಿ, ಕಣ್ಣು ಮುಚ್ಚಿ.

ಅತ್ತೆ ಒಲೆ ಹಚ್ಚಲು ಹೋದರು.

ಮರುದಿನ ಪತ್ರಿಕೆ ಬಂದಾಗ ಕೈ ಒರೆಸಿಕೊಂಡು ನನ್ನೆದುರೇ ಕೂತರು.

“ಅಂಥಾವು ಇನ್ನೂ ಅದಾವೇನ?”

ಸಾವಿರಾರು ಇವೆ ಎಂದು ಸಿಸ್ಟರ್ ಹೇಳಿದ್ದರು. ನಾದಿನಿಗೆ ಇನ್ನೂ ಒಂದು ತಿಂಗಳಿತ್ತು.

“ಅದೊಂದ ಇತ್ರಿ ಅತ್ತೀ,” ಎಂದೆ.

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ, “ಪೂರಾ ಓದು,” ಎಂದರು.