ಬಸ್ಸಿನ ಬೋರ್ಡು, ಮಠದ ಸ್ಕೂಲು

ನನಗೆ ಅಕ್ಷರ ಕಲಿಸಿದ್ದು ಪ್ರೈವೇಟ್ ಬಸ್ಸು. ಹೇಳಿದರೆ ಜನ ನಗುತ್ತಾರೆ, ನಗಲಿ. ಅಮೃತೂರಿನಲ್ಲಿ ನಾನು ಮೇಕೆ ಕಾಯುತ್ತಿದ್ದಾಗ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ‘ಕುಣಿಗಲ್, ಕುಣಿಗಲ್’ ಎಂದು ಕೂಗುವನು, ನಾನು ಬೋರ್ಡು ನೋಡುವೆನು. ಅವನ ಬಾಯಿಗೂ ಆ ಗೆರೆಗಳಿಗೂ ನಂಟಿದೆ ಎಂದು ಹೊಳೆದ ದಿನ ಮೇಕೆಗಳು ಯಾರದೋ ಹುರುಳಿ ಹೊಲಕ್ಕೆ ನುಗ್ಗಿದವು, ಅವ್ವ ಬಾರಿಸಿದಳು. ಮದುವೆಯಾಗಿ ಈ ಕಡೆ ಬಂದ ಮೇಲೆ ಗುಬ್ಬಿ ಬಸ್ಸು ಒತ್ತಕ್ಷರ ಕಲಿಸಿತು. ಕ್ಯಾತ್ಸಂದ್ರ ಮಾತ್ರ ಬಹಳ ಸತಾಯಿಸಿತು. ಇರುವುದು ಮೂರೇ ಅಕ್ಷರ, ಮೂರಕ್ಕೂ ಒತ್ತು. ಅದನ್ನು ಓದಿದ ಮೇಲೆ ನನಗೆ ಯಾವ ಪೇಪರಿನ ಭಯವೂ ಇಲ್ಲ.

ಸ್ಕೂಲಿಗೆ ಯಾಕೆ ಹೋಗಲಿಲ್ಲ ಅಂದರೆ, ನಮ್ಮ ಕಡೆ ಆಗ ಊಟ ಹಾಕಿ ಓದಿಸುತ್ತಿದ್ದದ್ದು ಒಂದು ಮಠ. ಅಲ್ಲಿ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅಣ್ಣನನ್ನು ಸೇರಿಸಿದರು. ಅವನು ಮಠದ ಮುದ್ದೆ ಉಂಡು ಮೇಷ್ಟ್ರಾದ. ನನಗೆ ಹೊಟ್ಟೆಕಿಚ್ಚಿಲ್ಲ, ಆ ಮುದ್ದೆ ಇಲ್ಲದಿದ್ದರೆ ಇಬ್ಬರೂ ಮೇಕೆಯ ಹಿಂದೆಯೇ ಇರುತ್ತಿದ್ದೆವು. ಆದರೆ ಮರೆತಿಲ್ಲ.

ಈಗ ನನ್ನ ಮೊಮ್ಮಗಳು ಚೈತ್ರ ಗುಬ್ಬಿ ಕಡೆಯ ಇನ್ನೊಂದು ಮಠದ ಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಹೋದ ತಿಂಗಳು ಅಲ್ಲಿ ಚರ್ಚಾಸ್ಪರ್ಧೆ ಇತ್ತು. ಧರ್ಮದವರು ನಡೆಸುವ ಖಾಸಗಿ ಶಾಲೆಗಳು ಇರಬೇಕೇ ಬೇಡವೇ ಎಂಬುದು ವಿಷಯ. ಪರವೋ ವಿರೋಧವೋ ಎಂದು ಚೀಟಿ ಎತ್ತಿಸಿದರು. ನಮ್ಮವಳಿಗೆ ವಿರೋಧ ಬಂತು. ಕೇಳಲು ಕೂರುವವರು ಮಠದ ಸ್ವಾಮಿಗಳೇ.

ಅವಳಪ್ಪ, ಅಂದರೆ ನನ್ನ ಮಗ ಮಹೇಶನಿಗೆ ಹಾರ್ಡ್‌ವೇರ್ ಅಂಗಡಿ. ಮಾರುವುದು ಕಬ್ಬಿಣ, ಎದೆ ಮಾತ್ರ ಹಪ್ಪಳ. ‘ಜ್ವರ ಅಂತ ಹೇಳಿ ಮನೇಲಿರ್ಲಿ ಅವ್ವಾ. ಬುದ್ಧೀರ ಎದುರಿಗೇ ನಿಮ್ಮ ಸ್ಕೂಲು ಬೇಡ ಅಂದ್ರೆ ನಾಳೆ ಟೀಸಿ ಕೈಗೆ ಕೊಡ್ತಾರೆ,’ ಅಂದ.

ಹುಡುಗಿ ಮಾತೆಲ್ಲ ಬಾಯಿಪಾಠ ಮಾಡಿ ಮುಗಿಸಿದ್ದಳು. ಮುಖ ಸಣ್ಣದಾಯಿತು.

‘ಏನ್ಲಾ, ಚೀಟಿ ಇಟ್ಟೋರೇ ಅವರು. ಕೇಳಕ್ಕಾಗ್ದಿದ್ರೆ ಯಾಕ್ಲಾ ಇಡ್ತಿದ್ರು? ಟೀಸಿ ಕೊಟ್ರೆ ಕೊಡ್ಲಿ ಬುಡು, ಈಸ್ಕೊಳ್ಳಕ್ಕೆ ನಾನೇ ಹೋಯ್ತೀನಿ,’ ಅಂದೆ.

ಟೀಸಿಗೆ ಹೋಗುವ ಮೊದಲು ಸ್ಪರ್ಧೆಗೆ ಹೋದೆವು. ನಾನು ಮುಂದಿನ ಸಾಲು, ಮಹೇಶ ಬಾಗಿಲ ಹತ್ತಿರ. ಚೈತ್ರಳ ದನಿ ಮೊದಲು ನಡುಗಿತು, ಆಮೇಲೆ ಗಟ್ಟಿಯಾಯಿತು. ಒಂದೊಂದು ಧರ್ಮದ ಮಕ್ಕಳನ್ನು ಒಂದೊಂದು ಕಟ್ಟಡದಲ್ಲಿ ಕೂರಿಸಿದರೆ, ಪಕ್ಕದ ಮನೆಯವರ ಹಬ್ಬ ಯಾವಾಗ ಅಂತ ಕ್ಯಾಲೆಂಡರು ನೋಡಿ ತಿಳಿಯಬೇಕಾಗುತ್ತದೆ ಅಂದಳು. ಅಲ್ಲಿಗೆ ಬಿಟ್ಟಳೇ? ಮೈಕಿನಲ್ಲಿ ನನ್ನನ್ನೂ ಎಳೆದಳು.

‘ನಮ್ಮಜ್ಜೀನ ಮಠ ಸೇರಿಸ್ಕೊಳ್ಳಲಿಲ್ಲ. ಅವರಿಗೆ ಓದು ಕಲಿಸಿದ್ದು ಬಸ್ಸಿನ ಬೋರ್ಡು. ಬೋರ್ಡು ನೀನ್ಯಾರು ಅಂತ ಕೇಳಲಿಲ್ಲ.’

ಮಹೇಶ ತನ್ನ ಚಪ್ಪಲಿ ನೋಡುತ್ತಿದ್ದ.

ಸ್ವಾಮಿಗಳು ಮೈಕು ಹತ್ತಿರ ಎಳೆದುಕೊಂಡು, ‘ಆ ಅಜ್ಜಿ ಬಂದಿದಾರಾ?’ ಅಂದರು.

ಎದ್ದು ನಿಂತೆ. ‘ಬಂದಿವ್ನಿ ಬುದ್ಧಿ.’

‘ಮೊಮ್ಮಗಳು ಹೇಳಿದ್ದು ನಿಜವಾ?’

‘ನಿಜ ಬುದ್ಧಿ.’

ಅವರು ಮೈಕು ಪಕ್ಕಕ್ಕೆ ಸರಿಸಿ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಮೇಷ್ಟ್ರುಗಳಿಗೂ ಕೈ ಬಂತು. ಎಷ್ಟೋ ವರ್ಷದಿಂದ ಬಾಗಿದ್ದ ನನ್ನ ಬೆನ್ನು ಆವತ್ತು ನೆಟ್ಟಗೆ ನಿಂತಿತ್ತು. ಯಾವ ಡಾಕ್ಟರ ಕೈಯಲ್ಲೂ ಆಗದ ಕೆಲಸ. ಹುಡುಗಿಗೆ ಎರಡನೇ ಬಹುಮಾನ. ಆಮೇಲೆ ಎಲ್ಲರಿಗೂ ಒಂದೇ ಸಾಲಿನಲ್ಲಿ ಮುದ್ದೆ ಊಟ. ಟೀಸಿಯ ಮಾತೇ ಬರಲಿಲ್ಲ.

ಮೊಮ್ಮಗಳು ಚೀಟಿಯ ಪ್ರಕಾರ ಬೇಡ ಅಂದಳು. ನನಗೆ ಯಾರೂ ಚೀಟಿ ಕೊಟ್ಟಿಲ್ಲ, ಆದ್ದರಿಂದ ಅನ್ನಿಸಿದ್ದು ಹೇಳುತ್ತೇನೆ. ತನ್ನ ಸೂರಿನ ಕೆಳಗೇ ನಿಂತು ಈ ಸ್ಕೂಲು ಬೇಡ ಅಂದವಳಿಗೆ ಚಪ್ಪಾಳೆ ತಟ್ಟಿ ಊಟ ಬಡಿಸುವ ಸ್ಕೂಲು ಇರಲಿ. ಅಷ್ಟು ತಾಳಲಾರದ್ದು ಯಾವ ದೇವರ ಹೆಸರಿನದಾದರೂ ಬೇಡ.

ವಾಪಸು ಬರುವಾಗ ಬಸ್ಸಿನಲ್ಲಿ ಡ್ರೈವರ ಮುಂದೆ ಕನಕಾಂಬರ ಹಾಕಿದ ಒಂದು ದೇವರ ಫೋಟೋ ಕಂಡಿತು. ಇಷ್ಟು ವರ್ಷ ಓಡಾಡಿದ್ದೇನೆ, ಯಾವ ಬಸ್ಸಿನಲ್ಲಿ ಯಾವ ದೇವರಿತ್ತು ಅಂದರೆ ಹೇಳಲಾರೆ. ಬಾಗಿಲು ತೆಗೆದಿತ್ತು, ಹತ್ತಿದೆ. ಬೋರ್ಡಿನಲ್ಲಿ ಬರೆದ ಊರಿಗೇ ಹೋಯಿತು, ಇಳಿದೆ.

ಇಳಿಯುವ ಮೊದಲು ಮುಂದಿನ ಸೀಟಿನಿಂದ ಮಹೇಶ ಮಗಳ ಕಡೆ ತಿರುಗಿದ್ದ. ‘ಇನ್ನೊಂಚೂರು ಜೋರಾಗಿ ಬೇಡ ಅಂದಿದ್ರೆ ಫಸ್ಟೇ ಬರ್ತಿತ್ತು ಕಣೇ,’ ಅಂದ.